ಸೆರಗಿನಲ್ಲಿ ನವಿಲು ಮಲಗಿದರೆ

ದೊಡ್ಡಬಳ್ಳಾಪುರದಲ್ಲಿ ಹೊಸ ಡಿಸೈನ್ ಒಂದರ ಹಣೆಬರಹ ತಿಳಿಯುವುದು ಸೀರೆ ನೇಯ್ದು, ಮಡಿಕೆ ಹಾಕಿ, ಬೆಂಗಳೂರಿನ ಚಿಕ್ಕಪೇಟೆ ತಲುಪಿದ ಮೇಲೆ. ಡಿಸೈನ್ ಓಡಿದರೆ ಅದೇ ಮಾಲು ಮತ್ತೆ ಬೇಕೆಂದು ವ್ಯಾಪಾರಿ ಕೇಳುತ್ತಾರೆ. ಓಡದಿದ್ದರೆ ಸೀರೆಗಳು ಬೀರುವಿನಲ್ಲೇ ಉಳಿದು ಆಷಾಢದ ರಿಯಾಯಿತಿ ಮಾರಾಟಕ್ಕೆ ಕಾಯುತ್ತವೆ. ಒಂದು ಬುಟ್ಟಾ ಏಕೆ ಕೈಹಿಡಿಯಿತು, ಅದರ ಪಕ್ಕದ್ದು ಏಕೆ ಕೈಕೊಟ್ಟಿತು ಎಂದರೆ ಅದೃಷ್ಟ ಎಂದುಬಿಡುವುದು ಸುಲಭ. ಆದರೆ ಅನೇಕ ಡಿಸೈನ್‌ಗಳ ಸೋಲು ಮಗ್ಗ ಏರುವ ಮುನ್ನವೇ ಗ್ರಾಫ್ ಹಾಳೆಯ ಮೇಲೆ ಕಾಣುವಂಥದ್ದು. ಉಟ್ಟಾಗ ಸೀರೆ ಹೇಗೆ ಬೀಳುತ್ತದೆ ಎಂಬುದನ್ನು ಬಲ್ಲವರು ಆ ಹಾಳೆಯನ್ನು ನೋಡಿದರೆ ಸಾಕು. ಈ ಊರು ಮಗ್ಗಕ್ಕೆ, ನೂಲಿಗೆ, ಕರೆಂಟಿಗೆ ಹಣ ಹಾಕಿದೆ. ಆ ನೋಟವನ್ನು ಬೆಳೆಸಲು ಹಾಕಿದ್ದು ತೀರಾ ಕಡಿಮೆ.

ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್ ದೂರದ ಈ ಊರಿನ ನೇಯ್ಗೆಯ ಚರಿತ್ರೆ ಹೆಚ್ಚು ಬರೆದಿಟ್ಟದ್ದಲ್ಲ. ದೇವಾಂಗ, ಪದ್ಮಶಾಲಿ, ತೊಗಟ ಮೊದಲಾದ ನೇಕಾರ ಸಮುದಾಯಗಳ ಕೈಮಗ್ಗಗಳ ಜಾಗಕ್ಕೆ ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿದ್ಯುತ್ ಮಗ್ಗಗಳು ಬಂದವು. ಮನೆಯ ಪಡಸಾಲೆಯೇ ಕಾರ್ಖಾನೆಯಾಯಿತು, ಬೀದಿಗಳಿಗೆ ಬೆಳಗಿನಿಂದ ರಾತ್ರಿಯವರೆಗೆ ಮಗ್ಗದ ಸದ್ದು ಅಂಟಿಕೊಂಡಿತು. ಅತ್ತ ಸಮೀಪದ ವಿಜಯಪುರ, ಶಿಡ್ಲಘಟ್ಟಗಳ ರೇಷ್ಮೆ, ಇತ್ತ ಚಿಕ್ಕಪೇಟೆಯ ಗಿರಾಕಿ. ಊರು ಬೆಳೆಯಲು ಇಷ್ಟು ಸಾಕಾಯಿತು. ಮುಂದೆ ಅಪ್ಪಟ ರೇಷ್ಮೆಯ ಜೊತೆಗೆ ಕೃತಕ ರೇಷ್ಮೆಯೂ ಮಗ್ಗ ಏರಿತು. ಡಿಸೈನ್ ಮಾತ್ರ ಬಹುಪಾಲು ಹೊರಗಿನದು: ಕಂಚಿಯ ಅಂಚು, ಬನಾರಸಿನ ಬುಟ್ಟಾ, ಧರ್ಮಾವರದ ಸೆರಗು.

ಡಿಸೈನ್ ಮಗ್ಗಕ್ಕೆ ಏರುವ ಬಗೆಯನ್ನು ತಿಳಿದರೆ ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದೂ ತಿಳಿಯುತ್ತದೆ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರದ ತತ್ತ್ವವೇ ಇಲ್ಲಿನ ಮಗ್ಗಗಳ ತಲೆಯ ಮೇಲೂ ಕೂತಿದೆ. ರಟ್ಟಿನ ಕಾರ್ಡಿನಲ್ಲಿ ತೂತು ಇದ್ದೆಡೆ ಹುಕ್ ಮೇಲೆದ್ದು ಹಾಸಿನ ಎಳೆಯನ್ನು ಎತ್ತುತ್ತದೆ, ತೂತಿಲ್ಲದೆಡೆ ಎಳೆ ಕೆಳಗೇ ಉಳಿಯುತ್ತದೆ. ಲಾಳಿಯ ಒಂದು ಓಟಕ್ಕೆ ಒಂದು ಕಾರ್ಡು. 480 ಹುಕ್‌ಗಳ ಜಕಾರ್ಡನ್ನೂ ಅಂಗುಲಕ್ಕೆ 80 ಎಳೆಗಳಿರುವ ಹಾಸನ್ನೂ ಉದಾಹರಣೆಗೆ ಇಟ್ಟುಕೊಳ್ಳಿ. ಹುಕ್‌ಗೆ ಒಂದೇ ಎಳೆಯಾದರೆ, ಸೀರೆಯ ಅಗಲದಲ್ಲಿ ಪ್ರತಿ 6 ಅಂಗುಲಕ್ಕೆ ಅದೇ ಚಿತ್ರ ಮರುಕಳಿಸಲೇಬೇಕು. ಉದ್ದದಲ್ಲಿ ಆ ಕಟ್ಟುಪಾಡಿಲ್ಲ, ಕಾರ್ಡು ಹೆಚ್ಚಿಸಿದಷ್ಟೂ ಚಿತ್ರ ಬೆಳೆಯುತ್ತದೆ. ಅಂಗುಲಕ್ಕೆ 60 ಹೊಕ್ಕು ಬೀಳುವ ಬಟ್ಟೆಯಲ್ಲಿ 10 ಅಂಗುಲದ ಚಿತ್ರಕ್ಕೆ 600 ಕಾರ್ಡು ಬೇಕು. ನೆಲದ ಹೊಕ್ಕಿನ ಜೊತೆಗೆ ಜರಿಯ ಹೊಕ್ಕು ಬೇರೆಯಾಗಿ ಓಡಿದರೆ 1,200. ಅಂದರೆ ಒಂದು ಸೀರೆಯೂ ಮಾರಾಟವಾಗುವ ಮುನ್ನ ಗ್ರಾಫ್ ಬರೆದವರಿಗೆ, ಕಾರ್ಡು ಪಂಚ್ ಮಾಡಿದವರಿಗೆ ಹಣ ಸಂದಿರುತ್ತದೆ. ಡಿಸೈನ್ ಬದಲಿಸುವ ದಿನಗಳಲ್ಲಿ ಮಗ್ಗ ನಿಂತಿರುತ್ತದೆ. ಎರಡು, ನಾಲ್ಕು ಮಗ್ಗಗಳ ಮನೆಗೆ ಈ ನಿಂತ ದಿನಗಳೇ ದೊಡ್ಡ ಪೆಟ್ಟು.

ಈಗ ಆ ಗ್ರಾಫಿನ ಮೇಲೊಂದು ನವಿಲನ್ನು ಕೂರಿಸಿ ನೋಡೋಣ. ಸೀರೆ ಉಟ್ಟಾಗ ಸೊಂಟದ ಕೆಳಗಿನ ಭಾಗದಲ್ಲಿ ಬಟ್ಟೆಯ ಉದ್ದ ಅಡ್ಡಲಾಗಿ ಸುತ್ತಿರುತ್ತದೆ, ಅಗಲ ನೆಟ್ಟಗೆ ನಿಂತಿರುತ್ತದೆ. ಅಲ್ಲಿ ನವಿಲು ನಿಲ್ಲಬೇಕಾದರೆ ಅದರ ತಲೆ ಮೇಲಂಚಿನ ಕಡೆಗಿರಬೇಕು. ಅದೇ ಬಟ್ಟೆ ಎಡಹೆಗಲು ದಾಟಿ ಬೆನ್ನ ಮೇಲೆ ಸೆರಗಾಗಿ ಇಳಿದಾಗ ದಿಕ್ಕು ತಿರುಗುತ್ತದೆ: ಉದ್ದ ನೆಟ್ಟಗಾಗಿ ಅಗಲ ಅಡ್ಡವಾಗುತ್ತದೆ. ಒಡಲಿನ ನವಿಲನ್ನೇ ಸೆರಗಿಗೂ ಒಯ್ದರೆ ಅಲ್ಲಿ ಅದು ಪಕ್ಕಕ್ಕೆ ಒರಗಿ ಮಲಗುತ್ತದೆ. ಕಾಗದ ತಿರುಗಿಸಿದಷ್ಟಕ್ಕೆ ಇದು ಸರಿಹೋಗುವುದಿಲ್ಲ. ಒಡಲಿನಲ್ಲಿ ನವಿಲಿನ ಎತ್ತರವನ್ನು ಹುಕ್‌ಗಳು ನಿರ್ಧರಿಸುತ್ತವೆ, ಸೆರಗಿನಲ್ಲಿ ಕಾರ್ಡುಗಳು. ಮೇಲಿನ ಲೆಕ್ಕದ ಮಗ್ಗದಲ್ಲಿ ಒಡಲಿನ ನವಿಲು 6 ಅಂಗುಲ ಮೀರಿ ಎತ್ತರವಾಗದು. ಸೆರಗಿನದು ಎಷ್ಟೆತ್ತರ ಬೇಕಾದರೂ ನಿಂತೀತು, ಆದರೆ 6 ಅಂಗುಲ ಮೀರಿ ಗರಿ ಬಿಚ್ಚದು. ಅಂಗಡಿಯ ಹಾಸಿನ ಮೇಲೆ ಬಿಚ್ಚಿ ಹರಡಿದಾಗ ಇದೊಂದೂ ಕಾಣುವುದಿಲ್ಲ. ಉಟ್ಟು ಕನ್ನಡಿಯ ಮುಂದೆ ನಿಂತವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಹೇಳಲಾಗದೆ ಬೇರೆ ಸೀರೆ ಕೈಗೆತ್ತಿಕೊಳ್ಳುತ್ತಾರೆ. ಮಾವಿನಕಾಯಿ, ರುದ್ರಾಕ್ಷಿ, ಕಾಸು, ಮಲ್ಲಿಗೆ ಮೊಗ್ಗು, ಚೌಕಳಿ ತಲೆಮಾರುಗಳನ್ನು ದಾಟಿ ಉಳಿದದ್ದಕ್ಕೆ ಭಕ್ತಿ, ಸಂಪ್ರದಾಯಗಳಷ್ಟೇ ಈ ರೇಖಾಗಣಿತವೂ ಕಾರಣವಿರಬೇಕು. ಅವು ಯಾವ ದಿಕ್ಕಿಗೆ ವಾಲಿದರೂ ಕೆಡುವುದಿಲ್ಲ.

ನೆರಿಗೆಯದು ಇನ್ನೊಂದು ಪರೀಕ್ಷೆ. ಒಂದು ನೆರಿಗೆ ಸುಮಾರು ಐದು ಅಂಗುಲದ್ದು. ಹತ್ತು ಅಂಗುಲ ಉದ್ದದ ಆನೆಯನ್ನು ನೇಯ್ದರೆ ಸೊಂಡಿಲು ಒಂದು ನೆರಿಗೆಯ ಮೇಲೆ ಬಂದು ಬಾಲ ಅದರ ಒಳಗೆ ಮುಚ್ಚಿಹೋಗುತ್ತದೆ. ಸಣ್ಣ ಬುಟ್ಟಾಗಳಿಗೆ ಈ ಕಷ್ಟವಿಲ್ಲ. ಮೂರನೆಯ ಪರೀಕ್ಷೆ ದರ್ಜಿಯ ಮೇಜಿನ ಮೇಲೆ ನಡೆಯುತ್ತದೆ. ಸೀರೆಗೆ ಅಂಟಿಕೊಂಡೇ ಬರುವ ಬ್ಲೌಸ್ ಪೀಸಿನಲ್ಲಿ ತೋಳಿಗೆ ಬಾರ್ಡರ್ ಬರಬೇಕು ಎಂಬುದು ಇಂದಿನ ಸಾಮಾನ್ಯ ಬೇಡಿಕೆ. ಮೂರು ಅಂಗುಲದ ಬಾರ್ಡರ್ ಗಿಡ್ಡ ತೋಳಿನ ಕೊನೆಯಲ್ಲಿ ಚೆನ್ನಾಗಿ ಕೂರುತ್ತದೆ, ಹತ್ತು ಅಂಗುಲದ್ದು ತೋಳನ್ನೇ ನುಂಗುತ್ತದೆ. ದೊಡ್ಡ ಬುಟ್ಟಾ ಎದೆಯ ಡಾರ್ಟಿಗೆ ಸಿಕ್ಕಿ ಎರಡು ಹೋಳಾಗುತ್ತದೆ. ಕೊನೆಯದು ಸೀರೆಯ ಹಿಂಬದಿ. ಬುಟ್ಟಾಗಳ ನಡುವೆ ಜರಿಯ ಎಳೆ ಉದ್ದಕ್ಕೆ ತೇಲಿದ್ದರೆ ಅದು ಬಳೆಗೂ ಕಾಲುಂಗುರಕ್ಕೂ ಸಿಕ್ಕಿ ಕೀಳುತ್ತದೆ. ಹಾಗೆಂದು ಕತ್ತರಿಸಿದರೆ ತುದಿಗಳು ಚುಚ್ಚುತ್ತವೆ, ಜರಿಯೂ ದಂಡವಾಗುತ್ತದೆ. ಮೊದಲ ಸೀರೆ ಮಾರಿಸುವುದು ಮೇಲ್ಮೈ, ಎರಡನೆಯ ಆರ್ಡರ್ ತರುವುದು ಹಿಂಬದಿ. ಆದ್ದರಿಂದ ಡಿಸೈನ್ ಗೆದ್ದಿತೆಂದು ಹೇಳಬೇಕಾದದ್ದು ಅದೇ ಮಾಲಿಗೆ ಮರು ಆರ್ಡರ್ ಬಂದಾಗ.

ಇದಕ್ಕೆ ಆಕ್ಷೇಪಗಳಿವೆ. ಜನರ ಅಭಿರುಚಿಯನ್ನು ಯಾರು ಅಳೆದಾರು, ಧಾರಾವಾಹಿಯ ನಾಯಕಿ ಉಟ್ಟದ್ದು ಮರುದಿನ ಎಲ್ಲರಿಗೂ ಬೇಕಾಗುತ್ತದಲ್ಲ ಎಂಬುದು ಒಂದು. ನಿಜ, 2020ರ ಲಾಕ್‌ಡೌನಿನಲ್ಲಂತೂ ಮದುವೆ, ಜಾತ್ರೆಗಳೇ ನಿಂತು ಒಳ್ಳೆಯ ಡಿಸೈನಿಗೂ ಗಿರಾಕಿ ಇರಲಿಲ್ಲ. ಏನು ಗೆಲ್ಲುತ್ತದೆ ಎಂದು ಭವಿಷ್ಯ ಹೇಳಲಾಗದು. ಆದರೆ ಯಾವುದು ಸೋಲಲೇಬೇಕು ಎಂದು ಹೇಳಬಹುದು, ಮಲಗಿದ ನವಿಲನ್ನು ಯಾವ ಧಾರಾವಾಹಿಯೂ ಎಬ್ಬಿಸಲಾರದು. ಎರಡನೆಯ ಆಕ್ಷೇಪ ಕಂಪ್ಯೂಟರಿನದು. ಎಲೆಕ್ಟ್ರಾನಿಕ್ ಜಕಾರ್ಡ್ ಇದ್ದರೆ ಕಾರ್ಡೇ ಬೇಕಿಲ್ಲ, ಫೈಲು ಬದಲಿಸಿದರೆ ಡಿಸೈನ್ ಬದಲು, ಹೀಗಿರುವಾಗ ಮೊದಲೇ ತೂಗಿ ನೋಡುವ ಗೋಜೇಕೆ ಎನ್ನುವವರಿದ್ದಾರೆ. ಡಿಸೈನ್ ಬದಲಿಸುವ ಖರ್ಚು ಇಳಿದಿರುವುದು ಹೌದು, ಹೂಡಿದ ಹಾಸು, ಬಣ್ಣ ಹಾಕಿಸಿದ ನೂಲು, ಜರಿಯ ಖರ್ಚು ಇಳಿದಿಲ್ಲ. ಒಮ್ಮೆ ಹೂಡಿದ ಹಾಸು ಹಲವು ಸೀರೆಗಳಿಗೆ ಆಗುವಷ್ಟಿರುತ್ತದೆ, ಆ ಬಣ್ಣ ಮುಗಿಯುವವರೆಗೆ ಮನಸ್ಸು ಬದಲಿಸುವಂತಿಲ್ಲ. ಡಿಸೈನ್‌ಗಳ ಪ್ರವಾಹ ಬಂದಾಗ ಆರಿಸುವ ವಿವೇಕದ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೂರನೆಯದು ತುಸು ಗಟ್ಟಿ ಆಕ್ಷೇಪ: ಈ ಊರು ಬದುಕಿದ್ದೇ ನಕಲಿನಿಂದ, ಹೊಸದನ್ನು ಕಷ್ಟಪಟ್ಟು ಮಾಡಿದರೂ ಸೂರತ್‌ನಿಂದ ಅರ್ಧ ಬೆಲೆಗೆ ಅದರ ನಕಲು ಬರುತ್ತದೆ. ನಕಲು ಅನ್ನ ಹಾಕಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಕಂಚಿಯಲ್ಲಿ ಒಡಲು, ಅಂಚುಗಳನ್ನು ಬೇರೆ ಬೇರೆ ಲಾಳಿಗಳಿಂದ ಕೊಂಡಿ ಹಾಕಿ ನೇಯುವ ಕೆಲಸ ಕೈಯದು. ವಿದ್ಯುತ್ ಮಗ್ಗ ಅದರ ನೆರಳನ್ನಷ್ಟೇ ಕೊಟ್ಟೀತು. ಕೆಲವು ಬಗೆಯ ಸೀರೆಗಳೂ ಸೇರಿದಂತೆ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಟ್ಟ 1985ರ ಕಾಯ್ದೆಯೂ ಇದೆ. ನಕಲಿನ ದಾರಿ ಕಾನೂನಿನ ಬೇಲಿಯ ಪಕ್ಕದಲ್ಲೇ ಹಾದುಹೋಗುತ್ತದೆ. ವಿದ್ಯುತ್ ಮಗ್ಗಕ್ಕೆ ಸ್ವಂತ ಮುಖ ಬರಲಾರದು ಎನ್ನುವವರು ಮೈಸೂರಿನ ಕಡೆ ನೋಡಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಆರಂಭವಾದ ಕಾರ್ಖಾನೆಯ ಮೈಸೂರು ಸಿಲ್ಕ್ ಇಂದು ವಿದ್ಯುತ್ ಮಗ್ಗದ್ದೇ. ಸಾದಾ ಕ್ರೇಪ್ ಒಡಲು, ಜರಿ ಅಂಚು, ಅಷ್ಟೇ. ಆ ಮಗ್ಗ ಯಾವುದನ್ನು ಚೆನ್ನಾಗಿ ಮಾಡಬಲ್ಲದೋ ಅದನ್ನೇ ಹಿಡಿದು ನಿಂತದ್ದಕ್ಕೆ ಭೌಗೋಳಿಕ ಗುರುತೂ ದಕ್ಕಿತು. ಹೊಸ ಡಿಸೈನಿಗೂ ರಕ್ಷಣೆಯಿಲ್ಲದಿಲ್ಲ: 2000ದ ವಿನ್ಯಾಸ ಕಾಯ್ದೆಯಡಿ ಮಾರುಕಟ್ಟೆಗೆ ಬಿಡುವ ಮುನ್ನವೇ ನೋಂದಾಯಿಸಿದರೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ಅದು ಮಾಡಿದವರದೇ. ನೋಂದಾಯಿಸಲು ಮಾತ್ರ ಮೊದಲು ಸ್ವಂತದ್ದೊಂದು ಡಿಸೈನ್ ಬೇಕು.

2023ರಲ್ಲಿ ರಾಜ್ಯ ಸರ್ಕಾರ 10 ಅಶ್ವಶಕ್ತಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಘೋಷಿಸಿತು. ಬೇಕಾದದ್ದೇ, ಆದರೆ ಉಚಿತ ವಿದ್ಯುತ್ತಿನಲ್ಲಿ ನೇಯ್ದ ತಪ್ಪು ಡಿಸೈನೂ ಬೀರುವಿನಲ್ಲೇ ಉಳಿಯುತ್ತದೆ. ಸೋತ ಡಿಸೈನಿನ ನಷ್ಟ ಅದನ್ನು ಆರಿಸಿದವರಲ್ಲಿ ನಿಲ್ಲದೆ ಸೀರೆಗಿಷ್ಟು ಎಂದು ಕೂಲಿ ಪಡೆಯುವ ನೇಕಾರರ ಮನೆಯವರೆಗೆ ಇಳಿಯುತ್ತದೆ. ಊರಿಗೆ ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ಹೊಸ ಡಿಸೈನನ್ನು ಒಂದೆರಡು ಸೀರೆ ನೇಯ್ದು, ಉಡಿಸಿ, ನೆರಿಗೆ ಹಿಡಿದು, ರವಿಕೆ ಕತ್ತರಿಸಿ ನೋಡುವ ಸಾಮೂಹಿಕ ಮಾದರಿ ಮಗ್ಗವೊಂದು ಸಾಕು. ಓಡಿದ ಮತ್ತು ಓಡದ ಗ್ರಾಫ್‌ಗಳನ್ನು ಕಾರಣದ ಸಮೇತ ಅದರ ಪಕ್ಕದಲ್ಲೇ ಕೂಡಿಡಬೇಕು. ಹಳೆಯ ಕಾರ್ಡುಗಳು ಗುಜರಿಗೆ ಹೋದಂತೆಲ್ಲ ಆ ಕಾರಣಗಳೂ ಹೋಗುತ್ತಿವೆ. ತೀರ್ಪು ಹೇಳುವ ಪಂಕ್ತಿಯಲ್ಲಿ ವ್ಯಾಪಾರಿಯ ಜೊತೆ ಸೀರೆ ಉಡುವ ಹೆಂಗಸರೂ ಬ್ಲೌಸ್ ಹೊಲಿಯುವವರೂ ಕೂರಬೇಕು. ಇದೇ ಜಿಲ್ಲೆಯ ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿದೆ, ದೊಡ್ಡಬಳ್ಳಾಪುರದ ಸೀರೆ ಇನ್ನೊಂದೂರಿನ ಹೆಸರಿನಲ್ಲಿ ಮಾರಾಟವಾಗುತ್ತದೆ. ಮುಂದಿನ ಸಲ ಚಿಕ್ಕಪೇಟೆಯಲ್ಲಿ ಸೀರೆ ಬಿಚ್ಚಿಸಿದಾಗ ಹೆಗಲ ಮೇಲೆ ಹಾಕಿ ನೋಡಿ, ಹಿಂಬದಿ ತಿರುಗಿಸಿ ನೋಡಿ, ಎಲ್ಲಿ ನೇಯ್ದದ್ದು ಎಂದು ಕೇಳಿ. ಕೇಳುವವರು ಹೆಚ್ಚಾದರೆ ಅಂಗಡಿಯವರು ಊರಿನ ಹೆಸರು ಹೇಳಲೇಬೇಕಾಗುತ್ತದೆ.