ಸೌಮ್ಯ ಸಂವತ್ಸರದ ಎರಡು ಅರ್ಥಗಳು

ಸಂಸ್ಕೃತದಲ್ಲಿ ‘ಸೌಮ್ಯ’ವೆಂಬ ಶಬ್ದಕ್ಕಿರುವ ಅರ್ಥಗಳಲ್ಲಿ ಎರಡು ಮುಖ್ಯವಾದುವು. ಸೋಮನಿಗೆ, ಎಂದರೆ ಚಂದ್ರನಿಗೆ, ಸಂಬಂಧಿಸಿದುದು ಎಂಬುದೊಂದು, ಶಾಂತವಾದುದು ಎಂಬುದಿನ್ನೊಂದು. ಕ್ರಿ.ಶ. 1969ನೆಯ ಇಸವಿಯ ಯುಗಾದಿಯಂದು ಮೊದಲಾದ ಸಂವತ್ಸರಕ್ಕೆ ಇದೇ ಹೆಸರು. ಆ ವರ್ಷದ ಸಂಗತಿಗಳನ್ನು ಪರ್ಯಾಲೋಚಿಸಿದರೆ ಎರಡು ಅರ್ಥಗಳೂ ಸಾರ್ಥಕವಾದುವೆಂದು ತೋರುವುದು.

ಮೊದಲನೆಯ ಅರ್ಥವನ್ನು ಲೋಕವೆಲ್ಲ ಕಂಡಿತು. ಜುಲೈ 16ರಂದು ಅಮೆರಿಕದ ಫ್ಲಾರಿಡಾದಿಂದ ‘ಅಪೊಲೊ 11’ ಹೊರಟಿತು. ಅಲ್ಲಿಯ ಕಾಲಮಾನದಂತೆ 20ರಂದು ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಎಂಬಿಬ್ಬರು ಚಂದ್ರನ ಮೇಲಿಳಿದರು. ಕಾಲಿನ್ಸ್ ಎಂಬಾತನು ಮೇಲೆ ಒಂಟಿಯಾಗಿ ಪ್ರದಕ್ಷಿಣೆ ಬರುತ್ತಿದ್ದನು. ಸುಮಾರು 21 ಕಿಲೋಗ್ರಾಂ ಕಲ್ಲುಮಣ್ಣಿನೊಡನೆ ಮೂವರೂ 24ರಂದು ಕ್ಷೇಮವಾಗಿ ಮರಳಿದರು. ನಮ್ಮ ದೇಶದಲ್ಲಿ ಆಗ್ಗೆ ದೆಹಲಿಯ ಹೊರಗೆ ಟೆಲಿವಿಷನ್ ಇರಲಿಲ್ಲವಾದುದರಿಂದ, ನಮ್ಮವರು ಈ ವಾರ್ತೆಯನ್ನು ರೇಡಿಯೊ, ವೃತ್ತಪತ್ರಿಕೆಗಳಿಂದಲೇ ತಿಳಿದರು.

ಅನಂತರ ಆಗಸ್ಟ್ 15. ಅಂದು ನ್ಯೂಯಾರ್ಕ್ ಸಂಸ್ಥಾನದ ಬೆಥೆಲ್ ಎಂಬ ಹಳ್ಳಿಯ ಹೊಲವೊಂದರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವವು ಆರಂಭವಾಯಿತು. ವಿಯಟ್ನಾಂ ಯುದ್ಧದಿಂದ ಬೇಸತ್ತಿದ್ದ ತರುಣರು ಸುಮಾರು ನಾಲ್ಕು ಲಕ್ಷ ಮಂದಿ ನೆರೆದರು. ಮಳೆ ಸುರಿಯಿತು, ಹೊಲವು ಕೆಸರಾಯಿತು, ಆಹಾರವು ಸಾಲದಾಯಿತು. ಸುತ್ತಣ ಊರಿನವರು ತಿನಿಸುಗಳನ್ನು ಒದಗಿಸಿದರು. ಅದೇ ದಿನ ಭಾರತದಲ್ಲಿ, ವಿಕ್ರಮ ಸಾರಾಭಾಯಿಯವರ ನೇತೃತ್ವದಲ್ಲಿ, ‘ಇಸ್ರೋ’ ಸಂಸ್ಥೆಯು ಸ್ಥಾಪಿತವಾಯಿತು. ಅದನ್ನು ನೋಡಲು ಲಕ್ಷ ಜನ ಸೇರಲಿಲ್ಲ. ಮುಂದೆ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡ ಆ ಸಂಸ್ಥೆಯೇ 2023ನೆಯ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ನೌಕೆಯನ್ನಿಳಿಸಿತು.

ಇದಕ್ಕಿಂತಲೂ ಮೌನವಾದುದು ಅಕ್ಟೋಬರ್ 29ರ ರಾತ್ರಿಯ ಸಂಗತಿ. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿಯು, ನೂರಾರು ಮೈಲಿ ದೂರದ ಇನ್ನೊಂದು ಕಂಪ್ಯೂಟರಿಗೆ ‘ಲಾಗಿನ್’ ಎಂಬ ಇಂಗ್ಲಿಷ್ ಪದವನ್ನು ಅಕ್ಷರಾಕ್ಷರವಾಗಿ ಕಳುಹಿಸತೊಡಗಿದನು. ‘ಎಲ್’, ‘ಓ’ ಎಂಬೆರಡು ಅಕ್ಷರಗಳು ತಲಪುವಷ್ಟರಲ್ಲಿ ಯಂತ್ರವು ಕೆಟ್ಟುನಿಂತಿತು! ಸುಮಾರು ಒಂದು ಗಂಟೆಯ ತರುವಾಯ ಸರಿಪಡಿಸಿ ಪುನಃ ಕಳುಹಿಸಿದರು. ಇಂದು ಪರದೇಶದಲ್ಲಿರುವ ಮಗನ ಮುಖವನ್ನು ತಾಯಿಯು ಅಡಿಗೆಮನೆಯಲ್ಲಿಯೇ ನಿಂತು ನೋಡುವಂತೆ ಮಾಡಿರುವ ಅಂತರ್ಜಾಲದ ಮೊಳಕೆಯು ಇದೇ.

ಚಂದ್ರಯಾನವು ಮಹತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ 1972ರ ಡಿಸೆಂಬರಿನಲ್ಲಿ ಆ ಕಡೆಯ ಯಾತ್ರಿಕರು ಚಂದ್ರನನ್ನು ಬಿಟ್ಟುಬಂದ ಮೇಲೆ ಅರ್ಧ ಶತಮಾನ ಕಳೆದರೂ ಮತ್ತಾರೂ ಅಲ್ಲಿ ಕಾಲಿಡಲಿಲ್ಲ. ತಡವರಿಸಿದ ಆ ಎರಡಕ್ಷರಗಳಾದರೋ ಮನೆಮನೆಯನ್ನು ಹೊಕ್ಕುವು. ಆದುದರಿಂದ ಗೃಹಸ್ಥರಾದ ನಾವು ಆರಂಭದ ಆಡಂಬರದಿಂದ ಕಾರ್ಯದ ತೂಕವನ್ನು ಅಳೆಯಲಾಗದು. ಮೊದಲೆರಡು ಅಕ್ಷರಗಳಲ್ಲಿಯೇ ಎಡವುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಉಂಟು. ಗದರಿಸುವ ಮುನ್ನ ಅವರಿಗೆ ಒಂದು ಗಂಟೆಯ ಅವಕಾಶವನ್ನಾದರೂ ಕೊಡೋಣ.