ಮಾಳಿಗೆಯಲ್ಲಿ ಬುಸುಗುಟ್ಟಿದ್ದು ಹಾವಲ್ಲ!

ಕಲಬುರಗಿ ಶಹಾಬಜಾರದಲ್ಲಿ ನಮ್ಮದೊಂದು ಹಳೇ ಮನೆ. ಕತ್ತಲಾದರೆ ಮಾಳಿಗೆ ಸಂದಿಯಿಂದ 'ಬುಸ್ಸ್...' ಸದ್ದು. ನಡುನಡುವೆ ಬಟ್ಟೆ ಹರಿದಂಥ ಚೀರಾಟ. "ನಾಗರಹಾವು ಅದ, ಹೊಗಿ ಹಾಕ್ರಿ" ಎಂದರು ಓಣಿಯವರು.

ಅದಕ್ಕೂ ಮೊದಲು, ಕೆಳಗೆ ಬಿದ್ದಿದ್ದ ಕಪ್ಪು ಉಂಡೆಯೊಂದನ್ನು ನೀರಲ್ಲಿ ನೆನೆಸಿ ಬಿಡಿಸಿದೆ. ಒಳಗೆ ಇಲಿಯ ಕೂದಲು, ಎಲುಬು, ತಲೆಬುರುಡೆ! ಬ್ಯಾಟರಿ ಬಿಟ್ಟು ನೋಡಿದರೆ ಹೃದಯಾಕಾರದ ಬಿಳಿ ಮುಖ. ಕಣಜ ಗೂಬೆ! ಬುಸುಗುಡುತ್ತಿದ್ದವು ಹಸಿದ ಮರಿಗಳು. ಚೀರುತ್ತಿದ್ದುದು ದೊಡ್ಡ ಹಕ್ಕಿ.

ಈ ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ್ದನ್ನು ಉಂಡೆ ಮಾಡಿ ಕಾರುತ್ತದೆ. ಗುರುತಿಗೆ ಅದೇ ಸಾಕು. ಹೊಗೆ ಹಾಕಿದ್ದರೆ ಪುಕ್ಕಟೆ ಇಲಿ ಹಿಡಿಯುವವರನ್ನೇ ಓಡಿಸುತ್ತಿದ್ದೆ.

ವಿಷ ತಿಂದ ಇಲಿ ನುಂಗಿದರೆ ಗೂಬೆಯೂ ಸಾಯಬಹುದು. ಹಾಗಾಗಿ ಕಮಲಾಪುರದ ತೊಗರಿ ಹೊಲದಲ್ಲಿ ಇಲಿಪಾಷಾಣ ಬಿಟ್ಟೆ; ಗೂಬೆ ಕೂರಲು ಅಡ್ಡಪಟ್ಟಿಯ ಗೂಟ ನೆಟ್ಟಿದ್ದೇನೆ. ನೀವೂ ರಾತ್ರಿ ಸದ್ದು ಕೇಳಿದರೆ ಮೊದಲು ನೆಲ ನೋಡ್ರಿ, ಆಮೇಲೆ ಬಡಿಗೆ ಹಿಡೀರಿ.