ಶಿಲಾಹಾರರಿಗೆ ಯಾವ ಬಣ್ಣ ಹಚ್ಚುವುದು?

1999ರಲ್ಲಿ ‘ಏಜ್ ಆಫ್ ಎಂಪೈರ್ಸ್’ ಆಟದ ಎರಡನೆಯ ಕಂತು ಬಂದಾಗ ಅದರಲ್ಲಿ 13 ನಾಗರಿಕತೆಗಳಿದ್ದವು. ಮರುವರ್ಷ ಇನ್ನೂ ಐದು ಸೇರಿದವು. ಬ್ರಿಟನ್ನರು, ಮಂಗೋಲರು, ಮಾಯಾ ಜನ, ಎಲ್ಲರೂ ಇದ್ದರು. ಮಧ್ಯಯುಗದ ಭಾರತಕ್ಕೆ ಮಾತ್ರ ಜಾಗವಿರಲಿಲ್ಲ. ಆ ಜಾಗ ಮಾಡಿಕೊಟ್ಟವರು ಆಟಗಾರರೇ. ‘ಫರ್ಗಾಟನ್ ಎಂಪೈರ್ಸ್’ ಎಂಬ ಹವ್ಯಾಸಿಗಳ ಗುಂಪು ಹಳೆಯ ಆಟವನ್ನು ಬಿಚ್ಚಿ, ಐದು ಹೊಸ ನಾಗರಿಕತೆಗಳನ್ನು ಕೂಡಿಸಿ 2012ರ ಕೊನೆಗೆ ಪುಕ್ಕಟೆ ಹಂಚಿತು. ಅದರಲ್ಲೊಂದು ‘ಇಂಡಿಯನ್ಸ್’. 2013ರಲ್ಲಿ ಅದೇ ಕೆಲಸ ಅಧಿಕೃತ ವಿಸ್ತರಣೆಯಾಗಿ ಮಾರಾಟಕ್ಕೆ ಬಂತು.

ಹೀಗೆ ಮಾರುಕಟ್ಟೆಯ ಆಟವನ್ನು ಬಿಚ್ಚಿ ತಮ್ಮ ಇಷ್ಟದಂತೆ ಮರುಕಟ್ಟುವುದಕ್ಕೆ ‘ಮಾಡ್’ ಎನ್ನುತ್ತಾರೆ, ಕಟ್ಟುವವರು ‘ಮಾಡರ್’ಗಳು. ಇವರಲ್ಲೇ ಒಂದು ಹಟಮಾರಿ ಪಂಗಡವಿದೆ. ಇತಿಹಾಸಕ್ಕೆ ತಪ್ಪದಂತೆ ಆಟ ಕಟ್ಟಬೇಕು ಎನ್ನುವವರದು.

ಅವರ ಹಟಕ್ಕೆ ಕಾರಣವಿದೆ. 2022ರಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಬಂದು ಆ ಒಂದು ‘ಇಂಡಿಯನ್ಸ್’ ನಾಲ್ಕಾಯಿತು. ದಕ್ಷಿಣಕ್ಕೆ ಸಿಕ್ಕಿದ್ದು ‘ದ್ರವಿಡಿಯನ್ಸ್’. ಅವರ ವಿಶೇಷ ಯೋಧನ ಕೈಯಲ್ಲಿ ಕೇರಳದ ಉರುಮಿ, ಕಥೆಯ ನಾಯಕ ರಾಜೇಂದ್ರ ಚೋಳ. ಕಲ್ಯಾಣದ ಚಾಲುಕ್ಯರನ್ನೋ ಹೊಯ್ಸಳರನ್ನೋ ಆಡಿಸಬೇಕೆಂದರೆ ಅವರೂ ಇದೇ ವೇಷ ತೊಡಬೇಕು. ಆಟವಾಗಿ ನೋಡಿದರೆ ಚೆನ್ನಾಗಿದೆ. ಹಳೇಬೀಡಿನ ಆನೆ-ಕುದುರೆಗಳ ಸಾಲನ್ನು ಕಣ್ಣಾರೆ ಕಂಡವನಿಗೆ ಮಾತ್ರ ಸಮಾಧಾನವಾಗುವುದಿಲ್ಲ. ಮಾಡ್‌ಗಳು ಹುಟ್ಟುವುದು ಇಂಥ ಅಸಮಾಧಾನದಲ್ಲೇ.

ಕೈಹಾಕುವುದು ಎಷ್ಟು ಕಷ್ಟ? ಶುರುಮಾಡುವುದು ಸುಲಭ. 2006ರ ‘ಮಿಡೀವಲ್ 2: ಟೋಟಲ್ ವಾರ್’ ಇಂದಿಗೂ ಮಾಡರ್‌ಗಳ ಗರಡಿಮನೆ. ಅದರ ಪ್ರಾಂತಗಳ ಭೂಪಟ ಒಂದು ಚಿತ್ರಕಡತ. ಒಂದೊಂದು ಪ್ರಾಂತಕ್ಕೂ ಒಂದೊಂದು ಬಣ್ಣ, ಬಣ್ಣದೊಳಗೆ ಒಂದು ಕಪ್ಪು ಚುಕ್ಕೆ ಇಟ್ಟರೆ ಪಟ್ಟಣ, ಬಿಳಿ ಚುಕ್ಕೆ ಇಟ್ಟರೆ ಬಂದರು. ಉಳಿದದ್ದು ಬಹುಪಾಲು ಸಾದಾ ಪಠ್ಯ. ಆದರೆ ಆಟದ ಒಡಲು ಒಪ್ಪುವುದು 199 ಪ್ರಾಂತಗಳನ್ನು, 31 ಪಕ್ಷಗಳನ್ನು ಮಾತ್ರ. ಮೂಲ ಭೂಪಟದಲ್ಲಿ ಭಾರತವೇ ಇಲ್ಲ, ಆದ್ದರಿಂದ ಯುರೋಪನ್ನು ಪೂರ್ತಿ ಅಳಿಸಿ ದಖ್ಖನನ್ನು ಬಿಡಿಸಬೇಕು. ‘ಕ್ರುಸೇಡರ್ ಕಿಂಗ್ಸ್’ ಎಂಬ ಇನ್ನೊಂದು ಆಟ ವಂಶಾವಳಿಗಳದ್ದು. ಅದರ ಎರಡನೆಯ ಕಂತಿಗೆ 2014ರಲ್ಲಿ ‘ರಾಜಾಸ್ ಆಫ್ ಇಂಡಿಯಾ’ ಸೇರಿತು. ಅಲ್ಲಿ ಒಬ್ಬೊಬ್ಬ ಅರಸನೂ ಕೆಲವು ಸಾಲುಗಳ ಪಠ್ಯ: ಹುಟ್ಟು, ಸಾವು, ತಂದೆ, ಧರ್ಮ, ಸಂಸ್ಕೃತಿ, ಯಾವ ದಿನ ಪಟ್ಟಕ್ಕೆ ಬಂದ.

ಮುಂಬಯಿಯ ಘಾಟ್ಕೋಪರಿನಲ್ಲಿ ಕೂತು ಇದನ್ನು ಮಾಡಹೊರಡುವವರಿಗೆ ಒಂದು ಭಾಗ್ಯವಿದೆ. ಬೇಕಾದ ಸಾಮಗ್ರಿಯೆಲ್ಲ ಲೋಕಲ್ ರೈಲಿನ ದೂರದಲ್ಲಿದೆ. ಸೆಂಟ್ರಲ್ ಲೈನಿನಲ್ಲಿ ಮೇಲಕ್ಕೆ ಹೋದರೆ, ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರ ರಾಜಧಾನಿಯಾಗಿದ್ದ ಠಾಣೆ, ಇನ್ನೂ ಮುಂದೆ ಅಂಬರನಾಥ. ಅಲ್ಲಿನ ಶಿವಾಲಯದ ಶಾಸನದಲ್ಲಿ ಶಕ 982, ಅಂದರೆ ಕ್ರಿ.ಶ. 1060, ಎಂಬ ಕಾಲವೂ ಮಹಾಮಂಡಲೇಶ್ವರ ಮುಮ್ಮುಣಿಯ ಹೆಸರೂ ಇವೆ. ‘ಕ್ರುಸೇಡರ್ ಕಿಂಗ್ಸ್’ ಆಟದ ಒಂದು ಆರಂಭದ ವರ್ಷ 1066. ಮುಮ್ಮುಣಿ ಗದ್ದುಗೆಯ ಮೇಲೇ ಇದ್ದಾನೆ, ಚಾಲುಕ್ಯರ ಕಲ್ಯಾಣದಲ್ಲಿ ಒಂದನೆಯ ಸೋಮೇಶ್ವರನಿದ್ದಾನೆ, ಹತ್ತು ವರ್ಷದಲ್ಲಿ ಆರನೆಯ ವಿಕ್ರಮಾದಿತ್ಯ ಅಣ್ಣನನ್ನು ಇಳಿಸಿ ಪಟ್ಟವೇರಲಿದ್ದಾನೆ. ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ?

ಮೊದಲು ಅಳಿಸಬೇಕಾದದ್ದು ತಮ್ಮ ಮನೆಯ ಸುತ್ತಲಿನ ನೆಲವನ್ನೇ. ಇಂದಿನ ಅಖಂಡ ಮುಂಬಯಿ ಆಗ ಇರಲಿಲ್ಲ. ಘಾಟ್ಕೋಪರ್ ಇರುವುದು ಸಾಷ್ಟಿ ದ್ವೀಪದಲ್ಲಿ, ದಕ್ಷಿಣದ ಸಣ್ಣ ದ್ವೀಪಗಳಿಗೂ ಇದಕ್ಕೂ ನಡುವೆ ಖಾಡಿ. ಸಯನ್ ಬಳಿ ಆ ನೀರಿಗೆ ಅಡ್ಡಲಾಗಿ ದಾರಿ ಕಟ್ಟಿದ್ದು 19ನೆಯ ಶತಮಾನದ ಹೊಸ್ತಿಲಲ್ಲಿ. ಸಾಷ್ಟಿ ಎಂದರೆ ಷಟ್‌ಷಷ್ಟಿ, 66 ಹಳ್ಳಿಗಳ ನಾಡು. ಶಿಲಾಹಾರರ ಕೊಂಕಣ ಪುರಿ ಮೊದಲಾದ 1,400 ಗ್ರಾಮಗಳದ್ದು. ಕನ್ನಡಿಗರಿಗೆ ಈ ಲೆಕ್ಕದ ಧಾಟಿ ಪರಿಚಿತ: ಬನವಾಸಿ 12,000, ನೊಳಂಬವಾಡಿ 32,000, ಗಂಗವಾಡಿ 96,000, ಬೆಳ್ವೊಲ 300, ಪುಲಿಗೆರೆ 300.

ಈ ಅಂಕಿಗಳು ಹಳ್ಳಿಗಳ ಎಣಿಕೆಯೋ ಕಂದಾಯದ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅವರು ಎರಡೂ ಪಕ್ಷವನ್ನು ಅಡಿಟಿಪ್ಪಣಿಗೆ ಹಾಕಿ ಮುಂದೆ ಹೋಗಬಹುದು. ಮಾಡರ್‌ಗೆ ಆ ಸೌಕರ್ಯವಿಲ್ಲ. ಅಂಕಿಯನ್ನು ಹಾಗೆಯೇ ನಂಬಿದರೆ ಗಂಗವಾಡಿ ಬೆಳ್ವೊಲದ 320 ಪಟ್ಟು ಶ್ರೀಮಂತವಾಗುತ್ತದೆ, ಯಾವ ಆಟಗಾರನೂ ಬೆಳ್ವೊಲದ ಕಡೆ ತಿರುಗಿ ನೋಡುವುದಿಲ್ಲ. ನಿಜದಲ್ಲಿ ಪುಲಿಗೆರೆಯೊಡನೆ ಸೇರಿ ‘ಎರಡರುನೂರು’ ಎನಿಸಿಕೊಂಡ ಆ ಕಪ್ಪುಮಣ್ಣಿನ ಸೀಮೆಗಾಗಿ ದೊರೆಗಳು ತಲೆಮಾರುಗಟ್ಟಲೆ ಕಾದಾಡಿದರು. ಆದ್ದರಿಂದ ಶಾಸನದ ಅಂಕಿಯನ್ನು ಬದಿಗಿಟ್ಟು, ಜನ ಎಲ್ಲಿ ಕಾದಾಡಿದರು ಎಂಬುದನ್ನು ನೋಡಿ ಆದಾಯ ನಿಗದಿಮಾಡುವುದೇ ಸರಿ ಎಂದು ನನಗೆ ತೋರುತ್ತದೆ.

ಹುಟ್ಟಿದ ದಿನಗಳದ್ದೂ ಇದೇ ಕಥೆ. ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಎಂಬ ಮೂವರು ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಆಳಿದರು. ಯಾರು ಯಾವ ವರ್ಷ ಹುಟ್ಟಿದರೆಂದು ಯಾವ ತಾಮ್ರಪಟವೂ ಹೇಳುವುದಿಲ್ಲ, ಆಟ ಕೇಳದೆ ಬಿಡುವುದಿಲ್ಲ. ಊಹಿಸಿ ಬರೆಯಲೇಬೇಕು. ಈ ಕಸುಬಿನ ಮರ್ಯಾದೆ ಇರುವುದು ಒಂದು ಪುಟ್ಟ ಗುರುತಿನಲ್ಲಿ. ‘#’ ಹಾಕಿ ಬರೆದದ್ದನ್ನು ಕಂಪ್ಯೂಟರ್ ಓದುವುದಿಲ್ಲ, ಮನುಷ್ಯರು ಓದುತ್ತಾರೆ. ‘ಇದು ಊಹೆ, ಅಣ್ಣನಿಗಿಂತ ಐದು ವರ್ಷ ಚಿಕ್ಕವನೆಂದು ಇಟ್ಟಿದ್ದೇನೆ’ ಎಂದು ಅಲ್ಲಿ ಬರೆದಿಟ್ಟ ಮಾಡನ್ನು ನಂಬಬಹುದು. ಬರೆಯದವನದು ಎಷ್ಟೇ ಚಂದವಿದ್ದರೂ ನನಗೆ ಅನುಮಾನ.

ಇನ್ನು ಮುಂಬಯಿ ಕನ್ನಡಿಗರ ಮನೆಯಲ್ಲಿ ಜಗಳಕ್ಕೇ ಕಾರಣವಾಗಬಲ್ಲ ಕಲಮು: ಸಂಸ್ಕೃತಿ. ಒಬ್ಬ ಪಾತ್ರಕ್ಕೆ ಒಂದೇ ಸಂಸ್ಕೃತಿ. ಪಟ್ಟಿಯಲ್ಲಿ ‘ಕನ್ನಡ’ವೂ ಇದೆ, ‘ಮರಾಠಿ’ಯೂ ಇದೆ. ಶಿಲಾಹಾರರಿಗೆ ಯಾವುದು? ಉತ್ತರ ಕೊಂಕಣದ ಅವರ ತಾಮ್ರಪಟಗಳು ಸಂಸ್ಕೃತದಲ್ಲಿವೆ, ಅವುಗಳ ನಡುವೆ ‘ಮಲಗಲಗಂಡ’ದಂಥ ಕನ್ನಡದ ಬಿರುದುಗಳು ತೂರಿಕೊಂಡಿವೆ, ಮರಾಠಿ ಶಿಲಾಶಾಸನಗಳೂ ಅದೇ ಕರಾವಳಿಯಲ್ಲಿ ಸಿಕ್ಕಿವೆ. ದೇವಗಿರಿಯ ಸೇವುಣರದು ಇನ್ನೂ ತೊಡಕು. ಈ ಸಾಮಗ್ರಿಯೆಲ್ಲ ಗುಟ್ಟಿನದ್ದಲ್ಲ. ಶಿಲಾಹಾರ ಶಾಸನಗಳನ್ನು ವಾ. ವಿ. ಮಿರಾಶಿ 1977ರಲ್ಲಿ ಒಂದೇ ಸಂಪುಟಕ್ಕೆ ತಂದರು. ಫ್ಲೀಟ್ ಕನ್ನಡ ನಾಡಿನ ರಾಜವಂಶಗಳ ಚರಿತ್ರೆ ಬರೆದದ್ದು 1896ರ ಬಾಂಬೆ ಗೆಝೆಟಿಯರಿಗಾಗಿಯೇ. ಇವುಗಳನ್ನು ಓದಿದವನಿಗೆ ಒಂದನ್ನು ಆರಿಸುವುದು ಇನ್ನೂ ಕಷ್ಟವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ. 2022ರಿಂದೀಚೆಗೆ ಆಟದ ಮೂರನೆಯ ಕಂತಿನಲ್ಲಿ ಎರಡು ಸಂಸ್ಕೃತಿಗಳನ್ನು ಬೆರೆಸಿ ಮೂರನೆಯದನ್ನು ಹುಟ್ಟಿಸುವ ಅವಕಾಶವಿದೆ. ಅಸಲ್ಫಾದಲ್ಲಿ ಬೆಳೆದು, ಮನೆಯಲ್ಲಿ ತುಳು-ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಅಂಗಡಿಯಲ್ಲಿ ಗುಜರಾತಿ ಕೇಳುವ ಹುಡುಗ ಹುಡುಗಿಯರಿಗೆ ಆ ದಾರಿ ಸಹಜವೆನಿಸಬಹುದು. ಎರಡೂ ಕಡೆಯ ಅಭಿಮಾನಿಗಳಿಗೆ ಅದು ರುಚಿಸುವುದಿಲ್ಲ ಎನ್ನುವುದೂ ಖಾತ್ರಿ.

ಸೈನ್ಯದ ವಿಷಯಕ್ಕೆ ಬಂದರೆ ವೇಷಭೂಷಣ ಸುಲಭದ ಭಾಗ. ಹೊಯ್ಸಳ ಶಿಲ್ಪಗಳಲ್ಲಿನ ಯುದ್ಧ ತಂತ್ರಜ್ಞಾನದ ಬಗ್ಗೆ ಜಾನ್ ದಲೋಶ್ 1989ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಕುದುರೆಯ ಲಗಾಮು, ರಿಕಾಪು, ಕತ್ತಿಯ ಆಕಾರ ಎಲ್ಲ ಅಲ್ಲಿ ಸಿಗುತ್ತವೆ. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕೋಟೆ, ಆನೆ, ಕುದುರೆಗಳ ವಿವರ ಧಾರಾಳವಾಗಿದೆ. ಕಷ್ಟವಿರುವುದು ನಿಯಮದಲ್ಲಿ. ಆಟದಲ್ಲಿ ಲಾಯ ಕಟ್ಟಿದರೆ ಕುದುರೆ ಸಿಗುತ್ತದೆ. ದಖ್ಖನಿನಲ್ಲಿ ಒಳ್ಳೆಯ ಕುದುರೆ ಬರುತ್ತಿದ್ದುದು ಅರಬ್ಬಿ ಕಡಲಿನ ಮೇಲಿಂದ. ಬಂದರು ಕೈತಪ್ಪಿದವನಿಗೆ ರಾವುತರಿಲ್ಲ ಎಂಬ ನಿಯಮ ಬರೆದಾಗ ಮಾತ್ರ ಠಾಣೆ, ಚೌಲ್, ಗೋವೆಗಳಿಗೆ ಬೆಲೆ ಬರುತ್ತದೆ. ಠಾಣೆಯ ಅರಸ ಕಡಲ್ಗಳ್ಳರ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ, ಲೂಟಿಯಲ್ಲಿ ಸಿಕ್ಕ ಕುದುರೆಗಳೆಲ್ಲ ಅವನಿಗೆ, ಉಳಿದದ್ದು ಅವರಿಗೆ ಎಂದು ಮಾರ್ಕೊ ಪೋಲೊ ದಾಖಲಿಸಿದ್ದಾನೆ. ಆಟದ ನಿಯಮವಾಗಲು ಇದಕ್ಕಿಂತ ಸಿದ್ಧವಾದ ವಾಕ್ಯ ನಾನು ಕಂಡಿಲ್ಲ.

ಹಡಗು ಬೇಕಿದ್ದರೆ ಘಾಟ್ಕೋಪರಿನಲ್ಲಿ ಮೆಟ್ರೋ ಹತ್ತಿ, ಡಿ.ಎನ್. ನಗರದಲ್ಲಿ ಬದಲಿಸಿ, ಎಕ್ಸರ್ ನಿಲ್ದಾಣದಲ್ಲಿ ಇಳಿಯಬೇಕು. ಬೊರಿವಲಿ ಪಶ್ಚಿಮದ ಆ ಹಳ್ಳಿಯಲ್ಲಿ ವೀರಗಲ್ಲುಗಳ ಸಾಲು ನಿಂತಿದೆ. ಕೆಲವದರಲ್ಲಿ ನೆಲದ ಕಾಳಗ, ಕೆಲವದರಲ್ಲಿ ಸಾಲು ಹುಟ್ಟುಗಳ ಹಡಗುಗಳು ಎದುರುಬದುರಾದ ಕಡಲಕಾಳಗ. 1265ರ ಸುಮಾರಿಗೆ ಸೇವುಣ ಮಹಾದೇವನೊಡನೆ ಕಾದಾಡಿ ಶಿಲಾಹಾರರ ಕೊನೆಯ ಸೋಮೇಶ್ವರ ಸಮುದ್ರಪಾಲಾದ ಪ್ರಸಂಗವಿದು ಎಂದು ಕೆಲವರು, ಅದಕ್ಕೂ ಎರಡು ಶತಮಾನ ಹಿಂದಿನದ್ದೆಂದು ಇನ್ನು ಕೆಲವರು. ಹಡಗಿನ ಮಾದರಿ ಬಿಡಿಸಲು ಆ ವಾದ ಮುಗಿಯುವವರೆಗೆ ಕಾಯಬೇಕಿಲ್ಲ, ಕಲ್ಲಿನಲ್ಲಿರುವ ಹುಟ್ಟುಗಳನ್ನು ಎಣಿಸಿದರೆ ಸಾಕು.

ಆಟದ ಅಚ್ಚಿಗೆ ಕೂರದವೂ ಇವೆ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘ ಯಾವ ಪ್ರಾಂತದ ಒಡೆಯನೂ ಅಲ್ಲ, ಎಲ್ಲ ಪ್ರಾಂತಗಳಲ್ಲೂ ಇದೆ. ನೆಲ ಹಿಡಿದವನಿಗೆ ಮಾತ್ರ ಮುಖ ಕೊಡುವ ಆಟದಲ್ಲಿ ಅದನ್ನು ಎಲ್ಲಿಡುವುದು? ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನಿಗಾಗಿ ಪ್ರಾಣ ಕೊಡುವ ಪಣತೊಟ್ಟ ‘ಗರುಡ’ ಕುವರಲಕ್ಷ್ಮ ತನ್ನವರೊಡನೆ ಪ್ರಾಣ ಕೊಟ್ಟದ್ದನ್ನು ಹಳೇಬೀಡಿನ ಕಂಬ ಹೇಳುತ್ತದೆ. ಆಟದಲ್ಲಾದರೋ ರಾಜ ಸತ್ತರೆ ಸೇನಾಪತಿ ಸುಮ್ಮನೆ ಮಗನ ಪಾಲಿಗೆ ಹೋಗುತ್ತಾನೆ.

‘ಕ್ರುಸೇಡರ್ ಕಿಂಗ್ಸ್’ನ ಇನ್ನೊಂದು ಆರಂಭದ ವರ್ಷವಾದ 867ರಿಂದ ಹೊರಡುವವರಿಗೆ ಇನ್ನೊಂದು ಪರೀಕ್ಷೆ ಕಾದಿದೆ. ಆಗ ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಅಮೋಘವರ್ಷ. ಅವನ ಮಗ ಇಮ್ಮಡಿ ಕೃಷ್ಣನ ಕಾಲಕ್ಕೆ ಸಂಜಾಣ ಮಂಡಲದ ಆಡಳಿತ ಮಧುಮತಿ ಎಂಬ ತಾಜಿಕನ, ಅಂದರೆ ಅರಬ ಮೂಲದ ಮುಸ್ಲಿಮನ, ಕೈಗೆ ಬಂತು. ಮೂರನೆಯ ಇಂದ್ರನ ಕಾಲದಲ್ಲೂ ಅವನೇ ಮುಂದುವರಿದ. ಪಾಲ್ಘರ್ ಜಿಲ್ಲೆಯ ಚಿಂಚಣಿಯಲ್ಲಿ ಸಿಕ್ಕ 926ರ ತಾಮ್ರಪಟ ಅವನ ಪುಕ್ಕಟೆ ದೋಣಿ, ಅನ್ನಸತ್ರಗಳನ್ನು ಹೊಗಳುತ್ತದೆ, ದೇವಿಯ ಮಠಕ್ಕೆ ಕೊಟ್ಟ ದತ್ತಿಯನ್ನೂ ದಾಖಲಿಸುತ್ತದೆ. ಅದೇ ಹೊತ್ತಿಗೆ ಚೌಲಿಗೆ ಬಂದಿದ್ದ ಅರಬ ಪ್ರವಾಸಿ ಅಲ್ ಮಸೂದಿ ಅಲ್ಲಿ ಹತ್ತು ಸಾವಿರದಷ್ಟು ಮುಸ್ಲಿಮರಿದ್ದರು ಎಂದು ಬರೆದ. ಆಟದ ಸಿದ್ಧ ನಿಯಮವೋ, ದೊರೆಯ ಧರ್ಮ ಬೇರೆಯಾದ ಕೂಡಲೇ ಮಂಡಲಿಕನ ನಿಷ್ಠೆಯಿಂದ ಅಂಕ ಕಳೆಯುತ್ತದೆ. ರಾಷ್ಟ್ರಕೂಟರ ಕಡತದಲ್ಲಿ ಆ ಕಡಿತವನ್ನು ರದ್ದುಮಾಡುವ ಒಂದು ಸಾಲು ಸೇರಿಸಬೇಕು, ಎದುರಿಗೆ ‘#’ ಹಾಕಿ ಚಿಂಚಣಿಯ ತಾಮ್ರಪಟದ ಹೆಸರು ಬರೆಯಬೇಕು. ಮರೆತರೆ, ಮಧುಮತಿ ದೋಣಿ ಬಿಡುವ ಮೊದಲೇ ದಂಗೆ ಎದ್ದಿರುತ್ತಾನೆ.